ಥೆರಪಿಯ ಆ ಒಂದು ಗಂಟೆಯ ಖರ್ಚು ಯಾರದು?

ಮಾತಿನ ಮೂಲಕ ಮನಸ್ಸಿಗೆ ಕೊಡುವ ಚಿಕಿತ್ಸೆ, ಅಂದರೆ ಥೆರಪಿ, ಯಾಕಿಷ್ಟು ದುಬಾರಿ ಅಂತ ಕೇಳಿದರೆ ಉತ್ತರ ಸರಳ. ಅಲ್ಲಿ ಕೊಡೋದಕ್ಕೆ ಮಾತ್ರೆ ಇಲ್ಲ, ಯಂತ್ರ ಇಲ್ಲ. ಇರುವುದು ಕಲಿತವರೊಬ್ಬರ ಸಮಯ. ಮಾತ್ರೆಯಾದರೆ ಲಕ್ಷಗಟ್ಟಲೆ ತಯಾರಿಸಿ ಬೆಲೆ ಇಳಿಸಬಹುದು. ಒಬ್ಬರು ಇನ್ನೊಬ್ಬರ ಮಾತು ಕೇಳುತ್ತ ಕೂರುವ ಗಂಟೆಯನ್ನು ಹಾಗೆ ಅಗ್ಗ ಮಾಡಲು ಬರುವುದಿಲ್ಲ. ಹದಿಹರೆಯದವರ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಸಹಾಯ ಬೇಕಿರುವುದು ಅವರಿಗೆ, ದುಡ್ಡಿರುವುದು ಅಪ್ಪ ಅಮ್ಮನ ಹತ್ತಿರ. ಎಷ್ಟೋ ಸಲ ಜಗಳ ಇರುವುದೂ ಅವರ ಜೊತೆಗೇ. ಹಾಗಾಗಿ ಸುಮಾರು 130 ವರ್ಷಗಳ ಈ ಕತೆಯಲ್ಲಿ ಎರಡು ಪ್ರಶ್ನೆಗಳು ಜೊತೆಜೊತೆಗೇ ಬರುತ್ತವೆ. ಆ ಗಂಟೆಯ ಖರ್ಚು ಯಾರು ಕೊಡಬೇಕು? ಆ ಕೋಣೆಯಲ್ಲಿ ಯಾರ್ಯಾರು ಕೂರಬೇಕು?

1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲೈಟ್ನರ್ ವಿಟ್ಮರ್ ಅವರ ಬಳಿಗೆ ಒಬ್ಬ ಟೀಚರ್ 14 ವರ್ಷದ ಹುಡುಗನನ್ನು ಕಳಿಸಿದರು. ಅವನಿಗೆ ಸ್ಪೆಲಿಂಗ್ ಏನು ಮಾಡಿದರೂ ಬರುತ್ತಿರಲಿಲ್ಲ. ಪರೀಕ್ಷೆ ಮಾಡಿದಾಗ ಕಣ್ಣಿನ ದೋಷ ಸಿಕ್ಕಿತು. ಕನ್ನಡಕ ಹಾಕಿಸಿ, ಪಾಠ ಹೇಳಿಕೊಟ್ಟರು. ಜಗತ್ತಿನ ಮೊದಲ ಮನೋವಿಜ್ಞಾನ ಕ್ಲಿನಿಕ್ ಶುರುವಾಗಿದ್ದು ಹೀಗೆ. ಅದು ಆಸ್ಪತ್ರೆಯೊಳಗೆ ಹುಟ್ಟಲಿಲ್ಲ, ಕ್ಲಾಸ್‌ರೂಮಿನ ತೊಂದರೆಯಿಂದ ಹುಟ್ಟಿತು ಅನ್ನುವುದು ನನಗೆ ಯಾವಾಗಲೂ ಇಷ್ಟವಾಗುವ ಸಂಗತಿ.

1909ರಲ್ಲಿ ವಿಲಿಯಂ ಹೀಲಿ ಷಿಕಾಗೋದಲ್ಲಿ ಬಾಲಾಪರಾಧಿಗಳಿಗಾಗಿ ಒಂದು ಸಂಸ್ಥೆ ತೆರೆದರು. ಕೋರ್ಟಿಗೆ ಬಂದ ಮಕ್ಕಳಿಗೆ ಶಿಕ್ಷೆ ಕೊಡುವ ಮೊದಲು ಅವರ ಮನೆ, ಮನಸ್ಸು, ಆರೋಗ್ಯ ಎಲ್ಲ ನೋಡಬೇಕು ಅನ್ನುವುದು ಯೋಚನೆ. ಖರ್ಚು ಕೊಟ್ಟವರು ಎಥೆಲ್ ಡಮ್ಮರ್ ಎಂಬ ಸಿರಿವಂತ ಮಹಿಳೆ. 1922ರಿಂದ ಕಾಮನ್‌ವೆಲ್ತ್ ಫಂಡ್ ಎಂಬ ದತ್ತಿಸಂಸ್ಥೆಯ ಹಣದಲ್ಲಿ ಇಂಥ ಕ್ಲಿನಿಕ್‌ಗಳು ಊರೂರಿಗೆ ಹಬ್ಬಿದವು. ಮನೋವೈದ್ಯರು ಮಗುವಿನ ಜೊತೆ ಒಂದು ಕೋಣೆಯಲ್ಲಿ. ಸಮಾಜ ಕಾರ್ಯಕರ್ತೆ ತಾಯಿಯ ಜೊತೆ ಇನ್ನೊಂದು ಕೋಣೆಯಲ್ಲಿ. ಅಪ್ಪ ಹೆಚ್ಚಾಗಿ ಎಲ್ಲೂ ಇಲ್ಲ. ಮುಂದೆ 1940-50ರ ದಶಕಗಳಲ್ಲಿ ಮಗುವಿನ ಎಲ್ಲ ತೊಂದರೆಗೂ ತಾಯಿಯೇ ಕಾರಣ ಎಂದು ತಜ್ಞರು ಬರೆಯತೊಡಗಿದರು. ಮಗನ ಆಟಿಸಂಗೂ ತಾಯಿ ಪ್ರೀತಿ ತೋರಿಸದೇ ಇದ್ದದ್ದು ಕಾರಣ ಎಂದವರಿದ್ದರು. ಅದು ತಪ್ಪು ಎಂದು ಆಮೇಲೆ ಗೊತ್ತಾಯಿತು. ಆದರೆ ಅಷ್ಟರಲ್ಲಿ ಎಷ್ಟೋ ಅಮ್ಮಂದಿರು ಆ ಮಾತು ಕೇಳಿಸಿಕೊಂಡು ಆಗಿತ್ತು.

ಅತ್ತ ಯುರೋಪಿನಲ್ಲಿ 1918ರಲ್ಲಿ ಬುಡಾಪೆಸ್ಟ್‌ನಲ್ಲಿ ಮಾತಾಡುತ್ತ ಮನೋವಿಶ್ಲೇಷಣೆ, ಅಂದರೆ ಮಲಗಿ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತ ಹೋಗುವ ಚಿಕಿತ್ಸೆಯನ್ನು ರೂಪಿಸಿದ ಫ್ರಾಯ್ಡ್ ಒಂದು ಅಚ್ಚರಿಯ ಮಾತು ಹೇಳಿದರು. ಬಡವರಿಗೆ ಶಸ್ತ್ರಚಿಕಿತ್ಸೆಯ ಮೇಲೆ ಎಷ್ಟು ಹಕ್ಕಿದೆಯೋ ಮನಸ್ಸಿನ ಚಿಕಿತ್ಸೆಯ ಮೇಲೂ ಅಷ್ಟೇ ಹಕ್ಕಿದೆ, ಮುಂದೊಂದು ದಿನ ಅದು ಉಚಿತವಾಗಿ ಸಿಗಬೇಕು ಎಂದರು. ಜೊತೆಗೆ ಒಂದು ಎಚ್ಚರಿಕೆಯನ್ನೂ ಸೇರಿಸಿದರು. ಎಲ್ಲರಿಗೂ ತಲುಪಿಸಲು ಹೊರಟರೆ ವಿಶ್ಲೇಷಣೆಯ ಅಪ್ಪಟ ಚಿನ್ನಕ್ಕೆ ಸ್ವಲ್ಪ ತಾಮ್ರ ಬೆರೆಸಬೇಕಾದೀತು. ಮುಂದಿನ ನೂರು ವರ್ಷದ ಚರ್ಚೆಯೆಲ್ಲ ತಾಮ್ರ ಎಷ್ಟು ಬೆರೆಸಬಹುದು ಅನ್ನುವುದರ ಬಗ್ಗೆಯೇ ಅಲ್ವಾ?

1920ರಲ್ಲಿ ಬರ್ಲಿನ್‌ನಲ್ಲಿ ಮನೋವಿಶ್ಲೇಷಣೆಯ ಕ್ಲಿನಿಕ್ ತೆರೆಯಿತು. ಬಹುಪಾಲು ಖರ್ಚು ಫ್ರಾಯ್ಡ್ ಶಿಷ್ಯ ಮ್ಯಾಕ್ಸ್ ಐಟಿಂಗೋನ್ ಅವರ ಸ್ವಂತ ಜೇಬಿನದು. ಬಂದವರು ಕೈಲಾದಷ್ಟು ಕೊಟ್ಟರೆ ಸಾಕಿತ್ತು. 1922ರಲ್ಲಿ ವಿಯೆನ್ನಾದಲ್ಲೂ ಒಂದು ಶುರುವಾಯಿತು. ಜಾಗ ಸಿಕ್ಕಿದ್ದು ಆಸ್ಪತ್ರೆಯೊಂದರ ಹೃದ್ರೋಗ ವಿಭಾಗದಲ್ಲಿ. ಮಲಗಿ ಮಾತಾಡಲು ಸೋಫಾ ಎಲ್ಲಿಂದ ಬರಬೇಕು? ಬಂದವರು ರೋಗಿಗಳನ್ನು ಪರೀಕ್ಷಿಸುವ ಎತ್ತರದ ಲೋಹದ ಮಂಚವನ್ನೇ ಹತ್ತಿ ಮಲಗುತ್ತಿದ್ದರು. ಕೇಳುವವರಿಗೆ ಮರದ ಸ್ಟೂಲು.

ಅದೇ ಊರಿನಲ್ಲಿ ವೈದ್ಯ ಆಲ್ಫ್ರೆಡ್ ಆಡ್ಲರ್ ಬೇರೆ ದಾರಿ ಹಿಡಿದರು. ಶಾಲೆಗಳಲ್ಲೇ ಉಚಿತ ಸಲಹಾ ಕೇಂದ್ರಗಳು. 1920ರ ದಶಕದ ಕೊನೆಗೆ ಅವು ಸುಮಾರು 30 ಇದ್ದವು. ಆಡ್ಲರ್ ಮಗು ಮತ್ತು ಪೋಷಕರ ಜೊತೆ ಶಿಕ್ಷಕರ ಎದುರಿಗೇ ಮಾತಾಡುತ್ತಿದ್ದರು. ಕೂತು ನೋಡುವ ಟೀಚರುಗಳು ಕಲಿಯಲಿ, ಮರುದಿನ ತಮ್ಮ ಕ್ಲಾಸಿನಲ್ಲಿ ಬಳಸಲಿ ಅನ್ನುವುದು ಉದ್ದೇಶ. ಇಷ್ಟು ಜನರ ಮುಂದೆ ಮನೆ ವಿಷಯ ಹೇಳೋದು ಮುಜುಗರ ಅನಿಸುತ್ತದೆ, ನಿಜ. ಆದರೆ ಒಂದು ಗಂಟೆ ಒಬ್ಬ ಮಗುವಿಗಷ್ಟೇ ಮುಗಿಯದೆ ಹತ್ತಾರು ಮಕ್ಕಳಿಗೆ ತಲುಪುವ ಲೆಕ್ಕ ಅದು. 1934ರಲ್ಲಿ ಅಲ್ಲಿ ಸರ್ವಾಧಿಕಾರ ಬಂದಾಗ ಈ ಕೇಂದ್ರಗಳು ಮುಚ್ಚಿದವು.

ಇಡೀ ಕುಟುಂಬವನ್ನು ಒಂದೇ ಕೋಣೆಯಲ್ಲಿ ಕೂರಿಸುವ ಪದ್ಧತಿ ಬಲವಾದದ್ದು ಎರಡನೇ ಮಹಾಯುದ್ಧದ ನಂತರ. ನ್ಯೂಯಾರ್ಕ್‌ನ ಬಡ ಹುಡುಗರ ಜೊತೆ ಕೆಲಸ ಮಾಡುತ್ತಿದ್ದ ಮನೋವೈದ್ಯ ಸಾಲ್ವಡೋರ್ ಮಿನುಚಿನ್‌ಗೆ ಒಂದು ವಿಷಯ ಸ್ಪಷ್ಟವಾಯಿತು. ಹುಡುಗನನ್ನು ಮಾತ್ರ ಸರಿಮಾಡಿ ಅದೇ ಮನೆಗೆ ಕಳಿಸಿದರೆ ಏನೂ ಉಳಿಯುವುದಿಲ್ಲ. 1965ರಲ್ಲಿ ಅವರು ಫಿಲಡೆಲ್ಫಿಯಾದ ಮಕ್ಕಳ ಕ್ಲಿನಿಕ್‌ನ ಮುಖ್ಯಸ್ಥರಾದರು. ಅಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಪದವಿ ಇಲ್ಲದ, ಅದೇ ಬಡಾವಣೆಯ ಜನರನ್ನು ಫ್ಯಾಮಿಲಿ ಥೆರಪಿಸ್ಟ್‌ಗಳಾಗಿ ತರಬೇತಿಗೊಳಿಸಿದರು. ಅವರು ಒಳಗೆ ಕುಟುಂಬದ ಜೊತೆ ಮಾತಾಡುವಾಗ ಹಿರಿಯರು ಒಂದೇ ಕಡೆಯಿಂದ ಕಾಣುವ ಕನ್ನಡಿ ಗಾಜಿನ ಆಚೆ ಕೂತು ನೋಡುತ್ತಿದ್ದರು, ತಕ್ಷಣ ತಿದ್ದುತ್ತಿದ್ದರು. ನನ್ನ ಪ್ರಕಾರ ಅಗ್ಗದ ಥೆರಪಿಯ ಇತಿಹಾಸದಲ್ಲಿ ದೊಡ್ಡ ತಿರುವು ಇದೇ.

ಸರ್ಕಾರಗಳ ಕತೆ ಅಷ್ಟು ಉತ್ಸಾಹದ್ದಲ್ಲ. 1963ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾನೂನು ಅಮೆರಿಕದ ಉದ್ದಕ್ಕೂ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಕಟ್ಟುವ ಮಾತು ಕೊಟ್ಟಿತ್ತು. ಕಟ್ಟಿದ್ದು ಅಂದುಕೊಂಡದ್ದರಲ್ಲಿ ಸುಮಾರು ಅರ್ಧ. ದೊಡ್ಡ ಮಾನಸಿಕ ಆಸ್ಪತ್ರೆಗಳು ಖಾಲಿಯಾದವು, ಬದಲಿ ವ್ಯವಸ್ಥೆ ಮಾತ್ರ ಪೂರ್ತಿ ಬರಲೇ ಇಲ್ಲ.

2005ರಲ್ಲಿ ಅಮೆರಿಕದ ಸಮೀಕ್ಷೆಯೊಂದು ಗಮನವನ್ನು ಎಳೆಯರ ಕಡೆಗೆ ತಿರುಗಿಸಿತು. ಜೀವನದಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14ರೊಳಗೆ, ಮುಕ್ಕಾಲು ಪಾಲು 24ರೊಳಗೆ ಶುರುವಾಗುತ್ತವೆ ಎಂದು ಅದು ತೋರಿಸಿತು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ 12ರಿಂದ 25 ವರ್ಷದವರಿಗಾಗಿ ಹೆಡ್‌ಸ್ಪೇಸ್ ಕೇಂದ್ರಗಳು ಶುರುವಾದವು. ಅಲ್ಲಿ ಡಾಕ್ಟರ್, ಕೌನ್ಸೆಲರ್, ಕೆಲಸ ಹುಡುಕಲು ಸಹಾಯ, ಎಲ್ಲ ಒಂದೇ ಬಾಗಿಲಲ್ಲಿ. ಉಚಿತ ಇಲ್ಲವೇ ಕಡಿಮೆ ಶುಲ್ಕ. 2008ರಲ್ಲಿ ಇಂಗ್ಲೆಂಡ್ ದೊಡ್ಡ ಪ್ರಮಾಣದಲ್ಲಿ ಉಚಿತ ಥೆರಪಿ ಶುರುಮಾಡಿತು. ಅದಕ್ಕೆ ವಾದ ಕಟ್ಟಿದವರಲ್ಲಿ ರಿಚರ್ಡ್ ಲೇಯಾರ್ಡ್ ಎಂಬ ಅರ್ಥಶಾಸ್ತ್ರಜ್ಞ ಒಬ್ಬರು. ಗುಣವಾದವರು ಕೆಲಸಕ್ಕೆ ಮರಳಿದರೆ ಹಾಕಿದ ದುಡ್ಡು ವಾಪಸ್ ಬರುತ್ತದೆ ಅನ್ನುವುದು ಅವರ ಲೆಕ್ಕ. ಕರುಣೆಗೆ ಕರಗದ ಖಜಾನೆ ಲೆಕ್ಕಕ್ಕೆ ಕರಗಿತು! ಇದೆಲ್ಲ ಸಾಧ್ಯವಾಗಿದ್ದಕ್ಕೆ ಇನ್ನೊಂದು ಕಾರಣ, ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆ. ವರ್ಷಗಟ್ಟಲೆ ನಡೆಯುವ ವಿಶ್ಲೇಷಣೆಯ ಜಾಗದಲ್ಲಿ ಕೆಲವೇ ವಾರಗಳ, ಇಂತಿಷ್ಟೇ ಸೆಷನ್ ಎಂದು ಮೊದಲೇ ಹೇಳಬಹುದಾದ ಥೆರಪಿ ಅದು.

ತಜ್ಞರೇ ಬೆರಳೆಣಿಕೆಯಷ್ಟಿರುವ ಕಡೆ? 2006ರಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಬಂದವರ ಕಷ್ಟ ಕೇಳಲು ಬೆಂಚಿನ ಮೇಲೆ ಕೂರಿಸಿದರು. ಈ ಪದ್ಧತಿಯಿಂದ ಖಿನ್ನತೆ ಕಡಿಮೆಯಾಗುತ್ತದೆ ಎಂದು 2016ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಎಳೆಯರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಈಸ್ ಎಂಬ ಕಾರ್ಯಕ್ರಮವೂ ಇದೇ ದಾರಿಯದು. 10ರಿಂದ 14 ವರ್ಷದವರಿಗೆ ಗುಂಪಿನಲ್ಲಿ ಏಳು ಸೆಷನ್, ಪೋಷಕರಿಗೆ ಪ್ರತ್ಯೇಕವಾಗಿ ಮೂರು. ನಡೆಸುವವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯರು. ಜೋರ್ಡಾನ್‌ನಲ್ಲಿ ಸಿರಿಯಾದ ನಿರಾಶ್ರಿತ ಮಕ್ಕಳ ಜೊತೆ ಇದನ್ನು ಪರೀಕ್ಷಿಸಿದ್ದಾರೆ.

ಆದರೆ ಇಲ್ಲಿ ಸುಮ್ನೆ ಮರೆಸಿಬಿಡುವ ಖರ್ಚೊಂದಿದೆ. ಅಜ್ಜಿಯೋ ಬಡಾವಣೆಯ ಹುಡುಗಿಯೋ ಥೆರಪಿ ಕೊಡಬೇಕಾದರೆ ಹಿಂದೆ ಒಬ್ಬ ಅನುಭವಿ ಇರಬೇಕು. ಆತ್ಮಹತ್ಯೆಯ ಮಾತು ಬಂದಾಗ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಗೊತ್ತಿರಬೇಕು. ತರಬೇತಿಗೆ ದುಡ್ಡು ಕೊಡುವವರು ಸಿಗುತ್ತಾರೆ. ವಾರವಾರ ಕೂತು ಕೇಸು ಚರ್ಚಿಸುವ ಮೇಲ್ವಿಚಾರಣೆಗೆ ಕೊಡುವವರು ಕಡಿಮೆ. ಅದನ್ನು ಬಿಟ್ಟು ಅಗ್ಗ ಮಾಡಿದರೆ ಉಳಿಯುವುದು ಬರೀ ಸಮಾಧಾನದ ಮಾತು.

ಕಡಿಮೆ ಖರ್ಚಿನ ಥೆರಪಿ ಹುಡುಕುವ ಮನೆಯವರಿಗೆ ಇವತ್ತು ಇರುವ ದಾರಿಗಳು ಈ ಇತಿಹಾಸದಿಂದಲೇ ಬಂದವು: ವಿಶ್ವವಿದ್ಯಾಲಯಗಳ ತರಬೇತಿ ಕ್ಲಿನಿಕ್, ಆದಾಯಕ್ಕೆ ತಕ್ಕ ಶುಲ್ಕ, ಗುಂಪು ಥೆರಪಿ, ಶಾಲೆಯ ಕೌನ್ಸೆಲರ್. ವಿದ್ಯಾರ್ಥಿ ಥೆರಪಿಸ್ಟ್ ಅಂದ ತಕ್ಷಣ ಹಿಂಜರಿಯಬೇಕಿಲ್ಲ. ಮೇಲ್ವಿಚಾರಣೆ ಯಾರದ್ದು, ಒಟ್ಟು ಎಷ್ಟು ಸೆಷನ್ ಅಂದಾಜು ಎಂದು ಕೇಳಿ. ಇನ್ನೊಂದನ್ನೂ ಕೇಳಲೇಬೇಕು: ಒಳಗೆ ಮಗ ಹೇಳಿದ್ದರಲ್ಲಿ ಅಪ್ಪ ಅಮ್ಮನಿಗೆ ಎಷ್ಟು ಹೇಳುತ್ತೀರಿ, ಯಾವುದನ್ನು ಹೇಳಲೇಬೇಕಾಗುತ್ತದೆ? ಮೊದಲ ದಿನ ಎಲ್ಲರೂ ಒಟ್ಟಿಗೆ ಕೂತಿರುವಾಗಲೇ ಇದು ಇತ್ಯರ್ಥವಾದರೆ, ಆಮೇಲೆ ಹುಡುಗ ಬಾಯಿ ಬಿಡುವ ಸಾಧ್ಯತೆ ಜಾಸ್ತಿ.