ಮೋರ್ ಹೌಸ್ ಮತ್ತು ಅದರ ಪಾಲಕ ಸಂತ: ಒಂದು ಅಧ್ಯಯನ ಟಿಪ್ಪಣಿ

ಇಂಗ್ಲೆಂಡಿನ ಕಥೋಲಿಕ ಶಾಲೆಗಳ ಹೌಸ್‌ಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಕೆಲವು ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ: ಮೋರ್, ಫಿಶರ್, ಕ್ಯಾಂಪಿಯನ್, ಸೌತ್‌ವೆಲ್, ಕ್ಲಿದರೋ. ಇವರೆಲ್ಲರೂ 16ನೇ ಶತಮಾನದಲ್ಲಿ ಪ್ರಭುತ್ವದ ಕೈಯಲ್ಲಿ ಸತ್ತವರು. ಧರ್ಮಸಭೆಯ ಭಾಷೆಯಲ್ಲಿ ಹೇಳುವುದಾದರೆ ರಕ್ತಸಾಕ್ಷಿಗಳು. ಆಟದ ಅಂಗಿಯ ಬಣ್ಣಕ್ಕೂ ಅಂಕಪಟ್ಟಿಗೂ ಅಂಟಿಕೊಂಡಿರುವ ಹೆಸರಿನ ಹಿಂದೆ ಇಂಥ ಸಾವೊಂದು ಇರುವುದೇಕೆ ಎಂಬುದನ್ನು ಅರಿಯಲು, ಈ ಟಿಪ್ಪಣಿಯಲ್ಲಿ ಮೋರ್ ಹೌಸ್ ಎಂಬ ಹೆಸರನ್ನು ಮಾತ್ರ ತೆಗೆದುಕೊಂಡಿದ್ದೇನೆ. ಅದರ ಪಾಲಕ ಸಂತ ತಾಮಸ್ ಮೋರ್.

ಮೊದಲು ‘ಹೌಸ್’ ಎಂಬ ಪದವನ್ನು ನೋಡೋಣ. ವಸತಿ ಶಾಲೆಗಳಲ್ಲಿ ಅದು ನಿಜಕ್ಕೂ ಒಂದು ಮನೆಯೇ ಆಗಿತ್ತು. ಒಬ್ಬ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಉಂಡು ಮಲಗುವ ಕಟ್ಟಡ. ಮಕ್ಕಳು ಸಂಜೆ ಮನೆಗೆ ಮರಳುವ ಶಾಲೆಗಳು ಕಟ್ಟಡವನ್ನು ಬಿಟ್ಟು ವ್ಯವಸ್ಥೆಯನ್ನು ಮಾತ್ರ ಉಳಿಸಿಕೊಂಡವು. ತರಗತಿಯು ಒಂದೇ ವಯಸ್ಸಿನವರನ್ನು ಅಡ್ಡಸಾಲಿನಲ್ಲಿ ಕೂಡಿಸಿದರೆ, ಹೌಸ್ ಕಿರಿಯರನ್ನೂ ಹಿರಿಯರನ್ನೂ ಉದ್ದಸಾಲಿನಲ್ಲಿ ಜೋಡಿಸುತ್ತದೆ. ಕಥೋಲಿಕ ಶಾಲೆಯಲ್ಲಿ ಇದಕ್ಕೆ ಪಾಲಕ ಸಂತರ ಹಬ್ಬ, ಅಂದಿನ ಬಲಿಪೂಜೆ (ಮಾಸ್), ಹೌಸ್‌ನ ಪ್ರಾರ್ಥನೆ ಸೇರಿಕೊಳ್ಳುತ್ತವೆ.

ರಕ್ತಸಾಕ್ಷಿಗಳ ಹೆಸರುಗಳೇ ಏಕೆ ಎಂಬುದಕ್ಕೆ ಉತ್ತರ ಆ ದೇಶದ ಚರಿತ್ರೆಯಲ್ಲಿದೆ. ಸುಧಾರಣೆಯ, ಅಂದರೆ 16ನೇ ಶತಮಾನದಲ್ಲಿ ಇಂಗ್ಲೆಂಡಿನ ಧರ್ಮಸಭೆ ಪೋಪರ ಅಧಿಕಾರದಿಂದ ಬೇರೆಯಾದ ಬದಲಾವಣೆಯ, ನಂತರ ಇಂಗ್ಲೆಂಡಿನಲ್ಲಿ ಕಥೋಲಿಕ ಶಿಕ್ಷಣ ಕಾನೂನಿಗೆ ವಿರುದ್ಧವಾಯಿತು. ಸ್ಥಿತಿವಂತ ಕುಟುಂಬಗಳು ಮಕ್ಕಳನ್ನು ಗುಟ್ಟಾಗಿ ಸಮುದ್ರದಾಚೆಗೆ ಕಳುಹಿಸಿದವು. 1593ರಲ್ಲಿ ಸೇಂಟ್ ಓಮರ್‌ನಲ್ಲಿ ಯೇಸುಸಭೆಯವರು (ಜೆಸ್ಯುಯಿಟರು) ಇಂಗ್ಲಿಷ್ ಹುಡುಗರಿಗಾಗಿ ತೆರೆದ ಶಾಲೆ ಅಂಥದೊಂದು; ಅದು ಹಲವು ಕಡೆ ಅಲೆದು 1794ರಲ್ಲಿ ಲ್ಯಾಂಕಾಷೈರಿನ ಸ್ಟೋನಿಹರ್ಸ್ಟ್‌ಗೆ ಬಂದು ನೆಲೆನಿಂತಿತು. ಕಥೋಲಿಕರ ಮೇಲಿನ ನಿರ್ಬಂಧಗಳನ್ನು ಸಡಿಲಿಸಿದ 1791ರ ಪರಿಹಾರ ಕಾಯ್ದೆ ಮತ್ತು 1829ರ ವಿಮೋಚನಾ ಕಾಯ್ದೆಗಳ ತರುವಾಯ ಶಾಲೆಗಳನ್ನು ಬಹಿರಂಗವಾಗಿ ಕಟ್ಟಿದವರಿಗೆ, ಹೀಗೆ ಸತ್ತವರ ನೆನಪು ದೂರದ ಪುರಾಣವಾಗಿರಲಿಲ್ಲ. ಅವರ ಶಾಲೆ ಇರುವುದೇ ಆ ನೆನಪಿನ ಫಲವಾಗಿತ್ತು.

‘ಪಾಲಕ ಸಂತ’ ಎಂಬ ಪದದ ಬಳಿಯೂ ಸ್ವಲ್ಪ ನಿಲ್ಲಬೇಕು. ಕನ್ನಡದ ‘ಪಾಲಕ’ ಎಂದರೆ ಕಾಯುವವನು, ಸಲಹುವವನು. ಲ್ಯಾಟಿನ್ನಿನ ‘ಪಾತ್ರೋನುಸ್’ ಪದಕ್ಕೆ ಅದರ ಜೊತೆಗೆ ಇನ್ನೊಂದು ಅರ್ಥವಿತ್ತು: ರೋಮನ್ ನ್ಯಾಯಾಲಯದಲ್ಲಿ ತನ್ನನ್ನು ಆಶ್ರಯಿಸಿದವನ ಪರವಾಗಿ ಎದ್ದು ನಿಂತು ಮಾತನಾಡುವವನು. ಸಂತರು ನಮಗಾಗಿ ದೇವರಲ್ಲಿ ಬಿನ್ನವಿಸುತ್ತಾರೆ ಎಂಬ ನಂಬಿಕೆಗೆ ಈ ಎರಡನೆಯ ಅರ್ಥವೇ ಹೆಚ್ಚು ಹತ್ತಿರವಾಗಿದೆ. ಕಥೋಲಿಕರು ಸಂತರನ್ನು ಆರಾಧಿಸುವುದಿಲ್ಲ, ಆರಾಧನೆ ದೇವರೊಬ್ಬನಿಗೇ ಸಲ್ಲುವುದು; ಸಂತರಿಗೆ ಸಲ್ಲುವುದು ಗೌರವ ಮತ್ತು ಪ್ರಾರ್ಥನೆಗಾಗಿ ಮಾಡುವ ಕೋರಿಕೆ. ಪರೀಕ್ಷೆಯ ಉತ್ತರಗಳಲ್ಲಿ ಈ ವ್ಯತ್ಯಾಸ ಬಹಳ ಸಲ ಕಲಸಿಹೋಗುವುದರಿಂದ ಇಲ್ಲಿ ಒತ್ತಿ ಬರೆದಿದ್ದೇನೆ. ಮೋರ್ ಅವರು ವೃತ್ತಿಯಿಂದ ವಕೀಲರಾಗಿದ್ದರು ಎಂಬುದನ್ನು ನೆನೆದರೆ, ಪದದ ಹಳೆಯ ಅರ್ಥ ಅವರಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದು ತಿಳಿಯುತ್ತದೆ.

ಅವರು 1478ರಲ್ಲಿ ಲಂಡನ್ನಿನ ಮಿಲ್ಕ್ ಸ್ಟ್ರೀಟ್‌ನಲ್ಲಿ ಹುಟ್ಟಿದರು. ತಂದೆ ಜಾನ್ ಮೋರ್ ಕೂಡ ಕಾನೂನು ಬಲ್ಲವರು. ಬಾಲ್ಯದಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾದ ಮಾರ್ಟನ್ ಅವರ ಮನೆಯಲ್ಲಿ ಊಳಿಗದ ಹುಡುಗನಾಗಿದ್ದು, ಆಕ್ಸ್‌ಫರ್ಡಿನಲ್ಲಿ ಕೆಲಕಾಲ ಓದಿ, 1496ರಲ್ಲಿ ಲಿಂಕನ್ಸ್ ಇನ್ ಎಂಬ ವಕೀಲರ ಸಂಘವನ್ನು ಸೇರಿ ವಕೀಲರಾದರು. 1523ರಲ್ಲಿ ಪಾರ್ಲಿಮೆಂಟಿನ ಕೆಳಮನೆಯ ಸ್ಪೀಕರ್, 1529ರಲ್ಲಿ ಲಾರ್ಡ್ ಚಾನ್ಸಲರ್ ಎಂಬ ರಾಜನ ಉನ್ನತ ಮಂತ್ರಿ: ಏರಿದ ಮೆಟ್ಟಿಲುಗಳು ಇವು, ಇವನ್ನು ಇಷ್ಟಕ್ಕೇ ಬಿಡಬಹುದು. ಶಾಲೆಯೊಂದಕ್ಕೆ ಇವುಗಳಿಗಿಂತ ಮುಖ್ಯವಾದುದು ಅವರ ಮನೆಯೊಳಗಿನ ಪಾಠಶಾಲೆ. ಮಾರ್ಗರೆಟ್, ಎಲಿಜಬೆತ್, ಸಿಸಿಲಿ ಎಂಬ ಮೂವರು ಹೆಣ್ಣುಮಕ್ಕಳಿಗೂ ಮಗ ಜಾನ್‌ಗೂ, ಮನೆಯಲ್ಲಿ ಬೆಳೆಯುತ್ತಿದ್ದ ಇತರ ಮಕ್ಕಳಿಗೂ ಅವರು ಒಂದೇ ಪಾಠ ಹೇಳಿಸಿದರು: ಲ್ಯಾಟಿನ್, ಗ್ರೀಕ್, ತರ್ಕ, ಗಣಿತ, ಖಗೋಳಶಾಸ್ತ್ರ. ಹುಡುಗಿಯರಿಗೆ ಗ್ರೀಕ್ ಕಲಿಸುವುದನ್ನು ವಿದ್ವಾಂಸರೇ ವಿಚಿತ್ರವೆಂದು ನೋಡುತ್ತಿದ್ದ ಕಾಲವದು. ಹಿರಿಯ ಮಗಳು ಮಾರ್ಗರೆಟ್, ಕರ್ತರ ಪ್ರಾರ್ಥನೆಯ ಮೇಲೆ ವಿದ್ವಾಂಸ ಎರಾಸ್ಮಸ್ ಬರೆದಿದ್ದ ಲ್ಯಾಟಿನ್ ಕೃತಿಯನ್ನು ಇಂಗ್ಲಿಷಿಗೆ ತಂದಾಗ ಆಕೆಯ ವಯಸ್ಸು ಇಪ್ಪತ್ತರ ಆಸುಪಾಸು. ಶಾಲೆಯ ಗೋಡೆಗಳ ಮೇಲೆ ಕೊರಳಲ್ಲಿ ಚಿನ್ನದ ಸರ ಧರಿಸಿದ ಅಧಿಕಾರಿಯ ಚಿತ್ರವೇ ಸಾಮಾನ್ಯವಾಗಿ ಇರುತ್ತದೆ. ಈ ತಂದೆಯ ಚಿತ್ರ ಅದರ ಪಕ್ಕದಲ್ಲಿರಬೇಕೆಂದು ನನ್ನ ಆಸೆ.

ಈಗ ಸಾವಿಗೆ ಕಾರಣವಾದ ವಿಷಯ. ಇದನ್ನು ‘ರಾಜನ ಎರಡನೆಯ ಮದುವೆಯನ್ನು ಒಪ್ಪದ್ದಕ್ಕೆ ತಲೆ ಕಡಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರಿದ್ದಾರೆ. ಹಾಗೆ ಮುಗಿಸಿದರೆ ಕಲಿಯಬೇಕಾದುದೆಲ್ಲ ಕೈತಪ್ಪುತ್ತದೆ. ಧರ್ಮಸಭೆಯ ಕಾನೂನುಗಳಿಗೆ ರಾಜನ ಸಮ್ಮತಿ ಬೇಕೆಂದು ಒಪ್ಪಿ ಇಂಗ್ಲೆಂಡಿನ ಗುರುವರ್ಗ ರಾಜ ಎಂಟನೆಯ ಹೆನ್ರಿಗೆ ಶರಣಾದ ಮರುದಿನ, ಅಂದರೆ 1532ರ ಮೇ 16ರಂದು, ಮೋರ್ ಅವರು ಚಾನ್ಸಲರ್ ಪದವಿಯನ್ನು ಬಿಟ್ಟುಕೊಟ್ಟು ಮನೆಗೆ ಹೋದರು. ರಾಜನನ್ನು ಅವರು ಎಲ್ಲಿಯೂ ಬಹಿರಂಗವಾಗಿ ಟೀಕಿಸಲಿಲ್ಲ. 1534ರ ಉತ್ತರಾಧಿಕಾರ ಕಾಯ್ದೆಯು ರಾಜನ ಎರಡನೆಯ ರಾಣಿ ಆನ್ ಬೊಲಿನ್‌ಳ ಮಕ್ಕಳೇ ಸಿಂಹಾಸನಕ್ಕೆ ವಾರಸುದಾರರೆಂದು ಸಾರಿ, ಪ್ರಜೆಗಳು ಅದಕ್ಕಾಗಿ ಪ್ರಮಾಣ ಮಾಡಬೇಕೆಂದು ವಿಧಿಸಿತು. ಏಪ್ರಿಲ್ 13ರಂದು ಲ್ಯಾಂಬೆತ್ ಅರಮನೆಗೆ ಕರೆಸಿದಾಗ ಅವರು ಮಾಡಿದ ಮೊದಲ ಕೆಲಸ ಓದುವುದು. ಪ್ರಮಾಣವಚನವನ್ನು ಕೇಳಿ ಪಡೆದು ಓದಿದರು, ಕಾಯ್ದೆಯನ್ನು ಕೇಳಿ ಪಡೆದು ಓದಿದರು, ಎರಡನ್ನೂ ಹೋಲಿಸಿದರು. ಆಮೇಲೆ ಹೇಳಿದ್ದಿಷ್ಟು: ವಾರಸುದಾರಿಕೆಗೆ ಪ್ರಮಾಣ ಮಾಡಲು ತಾನು ಸಿದ್ಧ, ಆದರೆ ಮುಂದಿಟ್ಟಿರುವ ಈ ವಚನಕ್ಕೆ ಪ್ರಮಾಣ ಮಾಡಲು ತನ್ನ ಅಂತಃಸಾಕ್ಷಿ ಒಪ್ಪದು, ಪ್ರಮಾಣ ಮಾಡಿದ ಯಾರನ್ನೂ ತಾನು ದೂಷಿಸುವುದಿಲ್ಲ. ಕಾಯ್ದೆ ಹೇಳಿದ್ದೇ ಬೇರೆ, ಪ್ರಮಾಣವಚನದೊಳಗೆ ಪೋಪರ ಅಧಿಕಾರವನ್ನು ನಿರಾಕರಿಸುವಂತೆ ಸೇರಿಸಿದ್ದೇ ಬೇರೆ. ಅವರು ನಿಂತದ್ದು ಈ ಅಂತರದ ಮೇಲೆ. ಏಪ್ರಿಲ್ 17ರಂದು ಅವರನ್ನು ಟವರ್ ಸೆರೆಮನೆಗೆ ಕಳುಹಿಸಲಾಯಿತು.

ಅದೇ ವರ್ಷ ನವೆಂಬರಿನಲ್ಲಿ ಪರಮಾಧಿಕಾರ ಕಾಯ್ದೆಯು ರಾಜನನ್ನು ಇಂಗ್ಲೆಂಡಿನ ಧರ್ಮಸಭೆಯ ಶಿರಸ್ಸೆಂದು ಘೋಷಿಸಿತು. ಹಿಂದೆಯೇ ಬಂದ ರಾಜದ್ರೋಹ ಕಾಯ್ದೆಯು, ಆ ಬಿರುದನ್ನು ದುರುದ್ದೇಶದಿಂದ ಮಾತಿನಲ್ಲಿ ನಿರಾಕರಿಸುವುದನ್ನೂ ಮರಣದಂಡನೆಯ ಅಪರಾಧವಾಗಿಸಿತು. ಮಾತು ಅಪರಾಧವಾದಾಗ ಮೋರ್ ಅವರು ಮೌನವನ್ನು ಹಿಡಿದರು. 1535ರ ಜುಲೈ 1ರಂದು ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ವಿಚಾರಣೆ ನಡೆದಾಗ ಅವರ ವಾದ ನಮಗೆ ಅಪರಿಚಿತವಲ್ಲದ ಒಂದು ಸೂತ್ರವನ್ನು ಆಧರಿಸಿತ್ತು: ಮೌನಂ ಸಮ್ಮತಿ ಲಕ್ಷಣಂ. ಇದೇ ಅರ್ಥದ ಲ್ಯಾಟಿನ್ ನ್ಯಾಯಸೂತ್ರವನ್ನು ಮುಂದಿಟ್ಟು, ಕಾನೂನಿನ ಕಣ್ಣಿನಲ್ಲಿ ತನ್ನ ಮೌನವನ್ನು ನಿರಾಕರಣೆ ಎನ್ನುವುದಕ್ಕಿಂತ ಒಪ್ಪಿಗೆ ಎಂದೇ ಎಣಿಸಬೇಕಾಗುತ್ತದೆ ಎಂದು ಅವರು ಹೇಳಿದರು. ಸೆರೆಮನೆಯಲ್ಲಿ ನಡೆದ ಮಾತುಕತೆಯೊಂದರಲ್ಲಿ ಮೋರ್ ಅವರು ರಾಜನ ಬಿರುದನ್ನು ಅಲ್ಲಗಳೆದರೆಂದು ಸಾಲಿಸಿಟರ್ ಜನರಲ್ ರಿಚರ್ಡ್ ರಿಚ್ ಸಾಕ್ಷಿ ನುಡಿದನು. ಆಗ ಅದೇ ಕೋಣೆಯಲ್ಲಿ ಪುಸ್ತಕಗಳನ್ನು ಕಟ್ಟುತ್ತಿದ್ದ ಇಬ್ಬರು ತಾವು ಆ ಮಾತಿಗೆ ಕಿವಿಗೊಟ್ಟಿರಲಿಲ್ಲವೆಂದರು. ಆದರೂ ತೀರ್ಪು ‘ಅಪರಾಧಿ’ ಎಂದೇ ಬಂತು. ಇನ್ನು ಮೌನದಿಂದ ಕಾಯುವಂಥದ್ದು ಏನೂ ಉಳಿದಿರದಿದ್ದ ಆ ಹೊತ್ತಿಗೆ ಮಾತ್ರ ಅವರು ಮನಸ್ಸನ್ನು ಬಿಚ್ಚಿದರು: ಲೌಕಿಕ ಪ್ರಭುವನ್ನು ಧರ್ಮಸಭೆಯ ಶಿರಸ್ಸಾಗಿಸುವ ಅಧಿಕಾರ ಯಾವ ಪಾರ್ಲಿಮೆಂಟಿಗೂ ಇಲ್ಲ. ಜುಲೈ 6ರಂದು ಟವರ್ ಹಿಲ್‌ನಲ್ಲಿ ಅವರ ಶಿರಚ್ಛೇದವಾಯಿತು.

ನನ್ನ ಓದಿನಲ್ಲಿ ಈ ಹೌಸ್‌ನ ಹೆಸರಿಗೆ ಅರ್ಥ ಬರುವುದು ಇಲ್ಲಿಯೇ. ಅಂತಃಸಾಕ್ಷಿ ಎಂದರೆ ಆ ಕ್ಷಣಕ್ಕೆ ಮನಸ್ಸಿಗೆ ತೋಚಿದ್ದು ಎಂದು ಅವರು ತಿಳಿಯಲಿಲ್ಲ. ಅದು ವರ್ಷಗಟ್ಟಲೆ ಓದಿ ತಿದ್ದಿಕೊಂಡ ತೀರ್ಮಾನ. ತನಗೆ ಅದು ಬಂಧನ, ಇನ್ನೊಬ್ಬರ ಮೇಲೆ ಹೊರಿಸುವ ಹೊರೆಯಲ್ಲ.

ಆದರೆ ಇದನ್ನು ಬರೆದ ಮೇಲೆ ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. ಚಾನ್ಸಲರ್ ಆಗಿದ್ದಾಗ ಅವರು ಧರ್ಮವಿರೋಧಿಗಳೆನಿಸಿಕೊಂಡವರನ್ನು ಕಠಿಣವಾಗಿ ಬೆನ್ನಟ್ಟಿದರು, ಅವರ ಅಧಿಕಾರಾವಧಿಯಲ್ಲಿ ಆರು ಮಂದಿಯನ್ನು ಜೀವಂತ ಸುಡಲಾಯಿತು, ಆ ಶಿಕ್ಷೆಯನ್ನು ಅವರು ಬರವಣಿಗೆಯಲ್ಲಿ ಸಮರ್ಥಿಸಿದರು. ಕಾಲವೇ ಹಾಗಿತ್ತು ಎಂಬ ವಿವರಣೆ ನಿಜ, ಆದರೆ ಸಾಲದು. ಸತ್ತವರಿಗೂ ಅಂತಃಸಾಕ್ಷಿ ಇತ್ತು. ಸಂತ ಪದವಿ ಎಂದರೆ ಬದುಕಿನ ಪ್ರತಿಯೊಂದು ಕಾರ್ಯವೂ ಸರಿಯಿತ್ತೆಂಬ ಪ್ರಮಾಣಪತ್ರವಲ್ಲ ಎಂಬುದನ್ನು ಧರ್ಮಸಭೆಯೂ ಒಪ್ಪುತ್ತದೆ. 2000ದಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದಾಗಲೂ, ಧರ್ಮವಿರೋಧಿಗಳ ವಿಷಯದಲ್ಲಿ ಅವರು ತಮ್ಮ ಕಾಲದ ಮಿತಿಯೊಳಗಿದ್ದರೆಂಬ ಮಾತು ಆ ಪತ್ರದಲ್ಲಿಯೇ ಇದೆ. ಹೌಸ್‌ನ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಪಾಲಕ ಸಂತರಿಗೆ ಮಾಡುವ ಅಗೌರವವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ದಿನಾಂಕಗಳ ಬಗ್ಗೆ ಎರಡು ಮಾತು. 1886ರಲ್ಲಿ ಮೋರ್ ಅವರನ್ನು ಪೋಪ್ ಹದಿಮೂರನೆಯ ಲಿಯೋ ಧನ್ಯರೆಂದು ಸಾರಿದರು; ಇದು ಸಂತ ಪದವಿಗೆ ಮೊದಲಿನ ಮೆಟ್ಟಿಲು. ಸಾವಿನ ನಾನೂರನೆಯ ವರ್ಷವಾದ 1935ರಲ್ಲಿ ಪೋಪ್ ಹನ್ನೊಂದನೆಯ ಪಿಯುಸರು ಅವರಿಗೂ ರೋಚೆಸ್ಟರಿನ ಧರ್ಮಾಧ್ಯಕ್ಷ ಜಾನ್ ಫಿಶರರಿಗೂ ಒಟ್ಟಿಗೆ ಸಂತ ಪದವಿ ನೀಡಿದರು. ಇಬ್ಬರ ಹಬ್ಬವೂ ಜೂನ್ 22ರಂದು ಬರುತ್ತದೆ; ಅದು ಫಿಶರರು ಪ್ರಾಣ ತೆತ್ತ ದಿನ. ಆದ್ದರಿಂದಲೇ ಮೋರ್ ಹೌಸ್ ಮತ್ತು ಫಿಶರ್ ಹೌಸ್ ಎರಡೂ ಇರುವ ಶಾಲೆಯಲ್ಲಿ ಎರಡು ಹೌಸ್‌ಗಳಿಗೂ ಒಂದೇ ಹಬ್ಬ.

ಮೋರ್ ಅವರಿಗೆ ತಾವು ಸಾಯುವ ದಿನದ ಬಗ್ಗೆ ತಮ್ಮದೇ ಲೆಕ್ಕವಿತ್ತು. ಸೆರೆಮನೆಯಲ್ಲಿ ಪುಸ್ತಕಗಳನ್ನೂ ಬರೆಯುವ ಸಾಮಗ್ರಿಯನ್ನೂ ಕಿತ್ತುಕೊಂಡಿದ್ದರಿಂದ, ಜುಲೈ 5ರಂದು ಮಾರ್ಗರೆಟ್‌ಗೆ ಕೊನೆಯ ಪತ್ರವನ್ನು ಅವರು ಇದ್ದಲಿನಿಂದ ಬರೆದರು. ನಾಳೆ ಸಂತ ತಾಮಸರ ಹಬ್ಬದ ಮುನ್ನಾದಿನ, ಸಂತ ಪೇತ್ರರ ಹಬ್ಬದಿಂದ ಎಂಟನೆಯ ದಿನ, ದೇವರ ಬಳಿಗೆ ಹೋಗಲು ತನಗೆ ಬಹಳ ತಕ್ಕ ದಿನ ಎಂಬ ಭಾವ ಅದರಲ್ಲಿದೆ. ಅಲ್ಲಿ ಹೇಳಿರುವ ತಾಮಸರೆಂದರೆ ಕ್ಯಾಂಟರ್ಬರಿಯ ತಾಮಸ್ ಬೆಕೆಟ್; ಹಬ್ಬವೆಂದರೆ ಅವರ ಅವಶೇಷಗಳನ್ನು ಹೊಸ ಸಮಾಧಿಗೆ ಸಾಗಿಸಿದ ನೆನಪಿನ ಜುಲೈ 7ರ ಹಬ್ಬ. ಅವರೂ ಒಂದು ಕಾಲಕ್ಕೆ ಚಾನ್ಸಲರ್ ಆಗಿದ್ದು, ಮುಂದೆ ಎರಡನೆಯ ಹೆನ್ರಿಯ ಇಚ್ಛೆಗೆ ಮಣಿಯದೆ 1170ರ ಡಿಸೆಂಬರ್ 29ರಂದು ತಮ್ಮ ಪ್ರಧಾನಾಲಯದೊಳಗೇ ಕೊಲೆಯಾದವರು. ಮೋರ್ ಅವರು ಹುಟ್ಟಿದ ಬೀದಿಗೆ ಹತ್ತಿರದ ಚೀಪ್‌ಸೈಡಿನಲ್ಲಿಯೇ ಹುಟ್ಟಿದವರು. ಮೋರ್ ಹೌಸ್‌ನ ಪಾಲಕರು ತಮ್ಮ ಹೆಸರಿನ ಸಂತರ ಹಬ್ಬವನ್ನು ಬೆರಳು ಮಡಿಸಿ ಎಣಿಸುತ್ತಾ ಆ ರಾತ್ರಿಯನ್ನು ಕಳೆದರು.