ರಾಣಿ ರಾಂಪಾಲ್ 29ಕ್ಕೇ ನಿವೃತ್ತರಾದದ್ದೇಕೆ?

ಪ್ರಶ್ನೆ: ಭಾರತ ಮಹಿಳಾ ಹಾಕಿ ತಂಡದ ನಾಯಕಿಯಾಗಿದ್ದ ರಾಣಿ ರಾಂಪಾಲ್ ಮೂವತ್ತು ತುಂಬುವ ಮೊದಲೇ ನಿವೃತ್ತಿ ಘೋಷಿಸಿದರು. ಮಹಿಳಾ ಹಾಕಿಯಲ್ಲಿ ಅಂತರರಾಷ್ಟ್ರೀಯ ಆಟ ಅಷ್ಟು ಬೇಗ ಮುಗಿದುಹೋಗುತ್ತದೆಯೇ?

ಉತ್ತರ: ಮುಗಿಯಲೇಬೇಕೆಂದೇನಿಲ್ಲ. ವಂದನಾ ಕಟಾರಿಯಾ 32ರವರೆಗೂ ಆಡಿದರು. 2025ರ ಏಪ್ರಿಲ್‌ನಲ್ಲಿ ನಿವೃತ್ತರಾದಾಗ ಅವರು ಆಡಿದ್ದ ಪಂದ್ಯಗಳು 320. ಭಾರತದ ಬೇರೆ ಯಾವ ಆಟಗಾರ್ತಿಯೂ ಅಷ್ಟು ಆಡಿರಲಿಲ್ಲ. ಆದರೆ ರಾಣಿಯ ವಿಷಯಕ್ಕೆ ಬಂದರೆ, ವಯಸ್ಸು ಬಿಟ್ಟು ಆಡಿದ ವರ್ಷ ಎಣಿಸಬೇಕು. 2008ರಲ್ಲಿ ರಷ್ಯಾದ ಕಜಾನ್‌ನಲ್ಲಿ ಒಲಿಂಪಿಕ್ ಅರ್ಹತಾ ಟೂರ್ನಿ ಆಡಿದಾಗ ಅವರಿನ್ನೂ ಹೈಸ್ಕೂಲಿಗೆ ಹೋಗುವ ವಯಸ್ಸಿನ ಹುಡುಗಿ. 2024ರ ಅಕ್ಟೋಬರ್‌ನಲ್ಲಿ ವಿದಾಯ ಹೇಳುವ ಹೊತ್ತಿಗೆ ಹದಿನಾರು ವರ್ಷಗಳ ಆಟ ಮೈಮೇಲಿತ್ತು.

ಆ ಮೈ ಹೇಗೆ ಬೆಳೆದದ್ದು ಎಂಬುದನ್ನೂ ನೋಡಿ. ಹರಿಯಾಣದ ಶಾಹಬಾದ್‌ನಲ್ಲಿ ತಂದೆ ಗಾಡಿ ಎಳೆದು ಸಂಸಾರ ನಡೆಸುತ್ತಿದ್ದರು. ಕೋಚ್ ಬಲದೇವ್ ಸಿಂಗ್ ಅವರ ಅಕಾಡೆಮಿಗೆ ಪ್ರತಿ ಹುಡುಗಿಯೂ ಅರ್ಧ ಲೀಟರ್ ಹಾಲು ತರಬೇಕಿತ್ತು. ರಾಣಿಯ ಮನೆಯಲ್ಲಿ ಕೊಳ್ಳಲಾಗುತ್ತಿದ್ದದ್ದು 200 ಮಿಲಿ. ಉಳಿದದ್ದಕ್ಕೆ ಯಾರಿಗೂ ಕಾಣದಂತೆ ನೀರು ಬೆರೆಸುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಗಡಿಯಾರವಿಲ್ಲದೆ, ತಾಯಿ ಆಕಾಶ ನೋಡಿ ಹೊತ್ತು ಅಂದಾಜಿಸಿ ಮಗಳನ್ನು ಎಬ್ಬಿಸುತ್ತಿದ್ದರು. ಇದನ್ನು ಕೇಳಿ ಕಣ್ಣೀರು ಹಾಕುವವರು ಬಹಳ. ನನಗೆ ಮಾತ್ರ, ಬೆಳೆಯುವ ಮಕ್ಕಳ ಊಟದ ಹೊಣೆಯನ್ನು ಇಂಥ ಮನೆಗಳ ಮೇಲೇ ಬಿಟ್ಟದ್ದು ತಪ್ಪು ಅನಿಸುತ್ತದೆ.

2010ರ ವಿಶ್ವಕಪ್‌ನಲ್ಲಿ, ಹದಿನೈದರ ವಯಸ್ಸಿಗೆ, ಏಳು ಗೋಲು. 2013ರಲ್ಲಿ ಜೂನಿಯರ್ ವಿಶ್ವಕಪ್ ಕಂಚು. 36 ವರ್ಷಗಳ ನಂತರ ಭಾರತದ ಮಹಿಳೆಯರು ಒಲಿಂಪಿಕ್ಸ್‌ಗೆ ಮರಳಿದ 2016ರ ರಿಯೊ ತಂಡದಲ್ಲೂ ರಾಣಿ ಇದ್ದರು. ಅವರ ಅತಿ ದೊಡ್ಡ ಗೋಲು ಯಾವುದು ಅಂದರೆ ನಾನು 2019ರ ನವೆಂಬರ್‌ನ ಭುವನೇಶ್ವರವನ್ನೇ ಹೇಳುತ್ತೇನೆ. ಟೋಕಿಯೊ ಒಲಿಂಪಿಕ್ಸ್ ಟಿಕೆಟ್‌ಗಾಗಿ ಅಮೆರಿಕದ ವಿರುದ್ಧ ಎರಡು ಪಂದ್ಯ, ಎರಡರ ಗೋಲುಗಳನ್ನೂ ಕೂಡಿಸಿ ಫಲಿತಾಂಶ. ಮೊದಲ ದಿನ ಭಾರತ 5-1ರಿಂದ ಗೆದ್ದಿತು. ಮರುದಿನ ಅರ್ಧ ಆಟ ಮುಗಿಯುವಷ್ಟರಲ್ಲಿ ಅಮೆರಿಕ ನಾಲ್ಕು ಹೊಡೆದು ಲೆಕ್ಕ 5-5ಕ್ಕೆ ತಂದಿಟ್ಟಿತು. 48ನೇ ನಿಮಿಷದಲ್ಲಿ ನಾಯಕಿ ರಾಣಿ ಚೆಂಡನ್ನು ಬಲೆಗೆ ಹೊಡೆದರು. ಒಟ್ಟು 6-5. ಆ ಗೋಲು ಇಲ್ಲದಿದ್ದರೆ ಟೋಕಿಯೊದ ನಾಲ್ಕನೇ ಸ್ಥಾನದ ಮಾತೇ ಬರುತ್ತಿರಲಿಲ್ಲ.

ಟೋಕಿಯೊ ನಂತರ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಕೈಕೊಟ್ಟಿತು. ಹಾಕಿಯಲ್ಲಿ ಸೊಂಟ ಬಗ್ಗಿಸಿಕೊಂಡೇ ಓಡಬೇಕು, ಓಡುತ್ತಲೇ ನಿಲ್ಲಬೇಕು, ನಿಂತಲ್ಲೇ ತಿರುಗಬೇಕು. ಈಗಿನ ಆಟ ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್. ಎಷ್ಟು ಸಲ ಬೇಕಾದರೂ ಆಟಗಾರ್ತಿಯರನ್ನು ಬದಲಿಸಬಹುದಾದ್ದರಿಂದ ಮೈದಾನದಲ್ಲಿರುವಷ್ಟು ಹೊತ್ತೂ ರಾಣಿಯಂಥ ಫಾರ್ವರ್ಡ್‌ಗಳು, ಅಂದರೆ ಮುಂಚೂಣಿಯ ಆಟಗಾರ್ತಿಯರು, ಪೂರ್ತಿ ವೇಗದಲ್ಲೇ ಓಡುತ್ತಾರೆ. ಎಳೆದುಕೊಂಡ ಈ ಸ್ನಾಯು ವಾಸಿಯಾದಂತೆ ಕಂಡು, ಜೋರಾಗಿ ಓಡಿದಾಗ ಮತ್ತೆ ಹಿಡಿದುಕೊಳ್ಳುವುದುಂಟು. ರಾಣಿ 2022ರ ವಿಶ್ವಕಪ್ ಆಡಲಿಲ್ಲ, ಕಾಮನ್‌ವೆಲ್ತ್ ಕ್ರೀಡಾಕೂಟವನ್ನೂ ಆಡಲಿಲ್ಲ. 2023ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಮರಳಿದರೂ ತಂಡದಲ್ಲಿ ಜಾಗ ಗಟ್ಟಿಯಾಗಲಿಲ್ಲ. ಇತ್ತ 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್ ಎದುರು ಸೋತು ಭಾರತ ಪ್ಯಾರಿಸ್ ಒಲಿಂಪಿಕ್ಸ್ ತಪ್ಪಿಸಿಕೊಂಡಿತು. ಮುಂದಿನ ಒಲಿಂಪಿಕ್ಸ್ 2028ಕ್ಕೆ. ಗಾಯದ ಕಾಲು, ನಾಲ್ಕು ವರ್ಷದ ಕಾಯುವಿಕೆ ಎರಡನ್ನೂ ಒಟ್ಟಿಗೆ ನೋಡಿದರೆ ಅವರ ತೀರ್ಮಾನ ಅವಸರದ್ದು ಅನಿಸುವುದಿಲ್ಲ.

ದೇಹದ ದಣಿವಿನ ಜೊತೆಗೆ ಕ್ಯಾಂಪ್ ಜೀವನದ ಭಾರವೂ ಇದೆ. ರಾಷ್ಟ್ರೀಯ ತಂಡದ ಶಿಬಿರ ಹೆಚ್ಚಾಗಿ ನಡೆಯುವುದು ನಮ್ಮ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. ಕೋವಿಡ್ ಕಾಲದಲ್ಲಿ ಆಟಗಾರ್ತಿಯರೆಲ್ಲ ತಿಂಗಳುಗಟ್ಟಲೆ ಅಲ್ಲೇ ಉಳಿದರು. 2021ರಲ್ಲಿ ತಂದೆ ತೀರಿಕೊಂಡಾಗ ವಂದನಾ ಅಲ್ಲಿದ್ದರು. ಅಂತ್ಯಸಂಸ್ಕಾರಕ್ಕೆ ಹೋಗಲಾಗಲಿಲ್ಲ. ಕೆಲವೇ ವಾರಗಳ ನಂತರ ಟೋಕಿಯೊದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳೆಯೊಬ್ಬರ ಮೊದಲ ಹ್ಯಾಟ್ರಿಕ್ ಅದು.

ರಾಣಿಯ 28ನೇ ಸಂಖ್ಯೆಯ ಜೆರ್ಸಿಯನ್ನು ದೇಶದ ಹಾಕಿ ಆಡಳಿತ ಸಂಸ್ಥೆಯಾದ ‘ಹಾಕಿ ಇಂಡಿಯಾ’ ಇನ್ನು ಯಾರಿಗೂ ಕೊಡುವುದಿಲ್ಲ. ನಿವೃತ್ತಿಯ ಬೆನ್ನಲ್ಲೇ ಮಹಿಳಾ ಹಾಕಿ ಇಂಡಿಯಾ ಲೀಗ್‌ನ ಸೂರ್ಮಾ ತಂಡಕ್ಕೆ ಮಾರ್ಗದರ್ಶಕಿಯಾದರು. 2025ರ ಮೊದಲ ಆವೃತ್ತಿಯಲ್ಲೇ ಆ ತಂಡ ಫೈನಲ್‌ವರೆಗೆ ಹೋಯಿತು.