ಗಂಜಿನ ಚಹಾ, ಹಿರಿಯರ ನೆನಪು

ರಾಯಚೂರಿನ ಗಂಜ್ ಮಾರುಕಟ್ಟೆಯ ಸುತ್ತಮುತ್ತ ಬೆಳಕು ಹರಿಯುವ ಹೊತ್ತಿಗೇ ಚಹಾ ಅಂಗಡಿಗಳ ಬೆಂಚು ತುಂಬಿರುತ್ತವೆ. ಕೂತವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಹತ್ತಿ ರೇಟು ಎಷ್ಟಾಯ್ತು, ಕಾಲುವೆಗೆ ನೀರು ಬಂತಾ, ಯಾರ ಮನೆಯಲ್ಲಿ ಮದುವೆ, ಹೀಗೆ ಮಾತು ಸಾಗುತ್ತದೆ. ಈ ಹಿರಿಯರ ನೆನಪಿಗೂ ಚಹಾಗೂ ನಂಟಿದೆಯೇ ಎಂದು ವಿಜ್ಞಾನಿಗಳು ಹಲವು ವರ್ಷಗಳಿಂದ ನೋಡುತ್ತಿದ್ದಾರೆ.

ಸಿಂಗಪುರದಲ್ಲಿ ಫೆಂಗ್ ಲೇ ಅವರ ತಂಡ 55 ದಾಟಿದ 957 ಚೀನೀ ಮೂಲದ ಜನರನ್ನು ಕೆಲವು ವರ್ಷ ಗಮನಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿತು. ನಿಯಮಿತವಾಗಿ ಚಹಾ ಕುಡಿಯುವವರಲ್ಲಿ ಬುದ್ಧಿ ಮಂಕಾಗುವ ಸಾಧ್ಯತೆ ಸುಮಾರು ಅರ್ಧದಷ್ಟು ಕಡಿಮೆ ಇತ್ತು. ಹಸಿರು ಚಹಾ ಮಾತ್ರ ಅಲ್ಲ, ನಾವು ಕುಡಿಯುವಂಥ ಕಪ್ಪು ಚಹಾದಲ್ಲೂ ಈ ನಂಟು ಕಂಡಿತು. ಆದರೆ ಇದು ನೋಡಿ ಬರೆದುಕೊಂಡ ಲೆಕ್ಕ ಅಷ್ಟೇ. ಮರೆವು ಶುರುವಾದವರು ಹೊರಗೆ ಹೋಗುವುದು, ಚಹಾ ಕುಡಿಯುವುದು ಎರಡನ್ನೂ ಕಡಿಮೆ ಮಾಡಿರಬಹುದು, ಅಲ್ವಾ? ಚಹಾದಿಂದಲೇ ಲಾಭವಾಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ.

ಚಹಾ ಎಲೆಯೊಳಗೆ ಮಿದುಳಿನ ಮೇಲೆ ಪರಿಣಾಮ ಬೀರುವ ಪದಾರ್ಥಗಳು ಇರುವುದಂತೂ ಖರೆ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆ ಎಳೆಯುತ್ತದೆ. ಅದು ಕೂರುವ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತದೆ. ಮಂಪರು ಬಿಡುವುದು ಹೀಗೆ. ಚಹಾದ ಇನ್ನೊಂದು ಪದಾರ್ಥ ಥಿಯಾನಿನ್. ಕೆಫೀನ್ ಜೊತೆ ಇದನ್ನೂ ಕೊಟ್ಟಾಗ ಸ್ವಲ್ಪ ಹೊತ್ತು ಗಮನ ಚುರುಕಾಗುವುದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಸಂಜೆ ಕುಡಿದ ಕೆಫೀನಿನ ಅರ್ಧದಷ್ಟು ನಾಲ್ಕೈದು ತಾಸಾದರೂ ಮೈಯಲ್ಲೇ ಇರುತ್ತದೆ. ನಿದ್ದೆ ಕಮ್ಮಿ ಇರುವ ಹಿರಿಯರಿಗೆ ಇಳಿಹೊತ್ತಿನ ಚಹಾ ಬೇಡ.

ನನಗೆ ಕಳವಳ ಇರುವುದು ಸಕ್ಕರೆಯ ಬಗ್ಗೆ. "ಎರಡು ಚಮಚ ಸಕ್ಕರಿ ಇಲ್ದಿದ್ರ ಅದೇನ್ ಚಾ ಬಿಡ್ರಿ" ಅನ್ನುವ ಊರು ನಮ್ಮದು. ಎರಡು ಚಮಚದಂತೆ ನಾಲ್ಕು ಕಪ್ ಅಂದರೆ ಎಂಟು ಚಮಚ, 30 ಗ್ರಾಂಗಿಂತ ಜಾಸ್ತಿ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಹಾ ಒಂದರಲ್ಲೇ ಅದು ದಾಟಿಹೋಯಿತು. ಶುಗರ್ ಇದ್ದವರಿಗೆ ಮರೆವಿನ ಕಾಯಿಲೆಯ ಅಪಾಯವೂ ಹೆಚ್ಚು. ಚಮಚ ಎರಡರಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಇಳಿಸಿ. ನಾಲಿಗೆ ಒಗ್ಗಿಕೊಳ್ಳುತ್ತದೆ. ಜೋಳದ ರೊಟ್ಟಿ ಊಟದ ಜೊತೆಗೇ ಚಹಾ ಕುಡಿದರೆ ಊಟದ ಕಬ್ಬಿಣಾಂಶ ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ನಾವು ತಿದ್ದಿಕೊಳ್ಳಬಹುದಾದ 14 ಸಂಗತಿಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಚಹಾದ ಹೆಸರಿಲ್ಲ. ಬಿಪಿ ಇದೆ, ಶುಗರ್ ಇದೆ, ಒಂಟಿತನ ಇದೆ, ಕಿವಿ ಕೇಳದಿರುವುದೂ ಇದೆ. ಹಾಗಾಗಿ ಚಹಾ ಅಂಗಡಿಯಲ್ಲಿ ನನಗೆ ಬೆಲೆಬಾಳುವುದಾಗಿ ಕಾಣುವುದು ಆ ಬೆಂಚು, ಅಲ್ಲಿಯ ಮಾತು. ದಿನಾ ಬರುತ್ತಿದ್ದ ಅಜ್ಜ ಬರುವುದು ನಿಲ್ಲಿಸಿದರೆ ಮನೆಯವರು ಸುಮ್ನೆ ಬಿಡಬಾರದು. ಎಷ್ಟೋ ಸಲ ಮಾತು ಕೇಳಿಸದೆ ನಾಚಿಕೊಂಡು ಮನೆಯಲ್ಲೇ ಕೂತಿರುತ್ತಾರೆ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಿಷನ್ ಬೇಕಾದರೆ ಹಾಕಿಸಿ ಮತ್ತೆ ಬೆಂಚಿಗೆ ಕಳಿಸಿ.